ಡಿಎನ್‌ಎ ಜೋಡಿ ಸುರುಳಿ ಗಟ್ಟಿಯಾಗಿರಲು ಉಪ್ಪು, ಪಿಎಚ್ ಯಾಕೆ ಮುಖ್ಯ?

ಮೊದಲು ಉಪ್ಪು, ಯಾಕಂದ್ರೆ ಜನ ಮರೆಯುವುದು ಇದನ್ನೇ. ಎರಡೂ ಎಳೆಗಳ ಉದ್ದಕ್ಕೂ ಇರುವ ಫಾಸ್ಫೇಟ್‌ಗಳಿಗೆ ಋಣ ಆವೇಶ ಇದೆ, ಹಾಗಾಗಿ ಎಳೆಗಳು ಒಂದನ್ನೊಂದು ತಳ್ಳುತ್ತಲೇ ಇರುತ್ತವೆ. ಸೋಡಿಯಂ ಅಯಾನುಗಳು ಸುತ್ತ ಮುತ್ತಿಕೊಂಡರೆ ಆ ತಳ್ಳಾಟ ತಗ್ಗುತ್ತದೆ. ಸೋಡಿಯಂ ಸಾಂದ್ರತೆ 0.01ರಿಂದ 0.1 ಮೋಲಾರ್‌ಗೆ (ಲೀಟರಿಗೆ ಮೋಲ್) ಏರಿದರೆ ಉದ್ದನೆಯ ಡಿಎನ್‌ಎ ಬಿಚ್ಚಿಕೊಳ್ಳುವ ಉಷ್ಣತೆ ಸುಮಾರು 16 ಡಿಗ್ರಿ ಸೆಲ್ಸಿಯಸ್ ಜಾಸ್ತಿಯಾಗುತ್ತದೆ. ಸಣ್ಣ ವ್ಯತ್ಯಾಸವಲ್ಲ, ಅಲ್ವಾ? ಮೆಗ್ನೀಸಿಯಂಗೆ ಎರಡು ಧನ ಆವೇಶ, ಅದು ಸ್ವಲ್ಪ ಇದ್ದರೂ ಸಾಕು.

ಇನ್ನು ಪಿಎಚ್, ಅಂದ್ರೆ ಆಮ್ಲ-ಕ್ಷಾರದ ಅಳತೆ. ಅದು 7ರ ಆಸುಪಾಸಿನಲ್ಲಿದ್ದರೆ ತೊಂದರೆಯಿಲ್ಲ. ತೀರಾ ಕ್ಷಾರೀಯವಾಗಿ 12ರ ಹತ್ತಿರ ಹೋದರೆ ಎರಡು ಎಳೆಗಳ ನಡುವೆ ಜೋಡಿಯಾಗುವ ನಾಲ್ಕು ಬೇಸ್‌ಗಳಲ್ಲಿ ಗ್ವಾನಿನ್, ಥೈಮಿನ್ ತಮ್ಮ ಪ್ರೋಟಾನ್ ಕಳೆದುಕೊಳ್ಳುತ್ತವೆ, ಜೋಡಿಯನ್ನು ಹಿಡಿದಿಡುವ ಹೈಡ್ರೋಜನ್ ಬಂಧಕ್ಕೆ ಬೇಕಾದದ್ದೇ ಅದು, ಎಳೆಗಳು ಬೇರೆಯಾಗುತ್ತವೆ. ತೀರಾ ಆಮ್ಲೀಯವಾದರೆ ಉಲ್ಟಾ: ಅಡೆನಿನ್, ಸೈಟೊಸಿನ್‌ಗೆ ಹೆಚ್ಚುವರಿ ಪ್ರೋಟಾನ್ ಅಂಟಿ ಜೋಡಿ ತಪ್ಪುತ್ತದೆ. ನನ್ನ ಪ್ರಕಾರ ಆಮ್ಲವೇ ಹೆಚ್ಚು ಅಪಾಯ. ಅಡೆನಿನ್, ಗ್ವಾನಿನ್ ಎಳೆಯಲ್ಲಿ ತಾವು ಅಂಟಿಕೊಂಡಿರುವ ಸಕ್ಕರೆಯಿಂದಲೇ ಕಳಚಿ ಬೀಳುತ್ತವೆ, ಆಮೇಲೆ ಪಿಎಚ್ ಸರಿ ಮಾಡಿದರೂ ಅವು ತಾವಾಗಿ ವಾಪಸ್ ಕೂರುವುದಿಲ್ಲ.