ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಗೆ ಕಮಾನೇ ಇಲ್ಲ, ಮತ್ತೆ ಹೇಗೆ ನಿಂತಿದೆ? ಅಲ್ಲಿ ಏನು ನೋಡಬೇಕು?

ಒತ್ತೊತ್ತಾಗಿ ನೆಟ್ಟ ಕಲ್ಲುಕಂಬಗಳ ಮೇಲೆ ನಿಂತಿದೆ. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಈ ಸೇತುವೆಗೆ ಆಗಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು.

ಕಲ್ಲು ಮೇಲಿಂದ ಹೇರಿದ ಭಾರೀ ತೂಕವನ್ನೂ ತಾಳುತ್ತದೆ, ಆದರೆ ಬಾಗಿಸಿದರೆ ತಳಭಾಗದಲ್ಲಿ ಬಿರುಕುಬಿಟ್ಟು ಮುರಿಯುತ್ತದೆ. ಹಾಗಾಗಿ ಕಂಬದಿಂದ ಕಂಬಕ್ಕೆ ಹಾಸಿದ ಕಲ್ಲಿನ ತೊಲೆ ಉದ್ದವಾದಷ್ಟೂ ಅಪಾಯ, ಅದಕ್ಕೇ ಕಂಬಗಳು ಇಷ್ಟು ಒತ್ತೊತ್ತಾಗಿವೆ. ಕಂಬಗಳ ತಲೆಯನ್ನು ಗಮನಿಸಿ: ಎರಡೂ ಬದಿಗೆ ಚಾಚಿದ ಬೋದಿಗೆ ಕಲ್ಲುಗಳಿವೆ. ಅವು ಕೈಚಾಚಿ ತೊಲೆಯನ್ನು ಹಿಡಿಯುವುದರಿಂದ ಆಧಾರವಿಲ್ಲದ ಅಂತರ ಕಡಿಮೆಯಾಗುತ್ತದೆ. ನಮ್ಮ ದೇವಸ್ಥಾನದ ಮಂಟಪಗಳ ವಿದ್ಯೆಯೇ ಇದು, ನದಿಗೆ ಇಳಿದಿದೆ ಅಷ್ಟೆ. ಕಂಬಗಳ ಬುಡವನ್ನು ನದಿಯ ಬಂಡೆಯಲ್ಲೇ ಕೂರಿಸಿರುವುದರಿಂದ ಮರಳು ಕೊಚ್ಚಿಹೋದರೂ ಸುಲಭಕ್ಕೆ ಅಲುಗುವುದಿಲ್ಲ.

ಕಂಬಗಳು ಒತ್ತೊತ್ತಾಗಿರುವುದೇ ಇದರ ದೌರ್ಬಲ್ಯವೂ ಹೌದು. ಪ್ರವಾಹದಲ್ಲಿ ತೇಲಿಬಂದ ಮರ, ಜೊಂಡು ನಡುವೆ ಸಿಕ್ಕಿಕೊಂಡರೆ ನೀರು ತಡೆದು ಒತ್ತಡ ಏರುತ್ತದೆ.

ನೋಡಲು ಬೇಸಿಗೆಯೇ ಒಳ್ಳೆಯದು, ನೀರು ಇಳಿದಾಗ ಬೋದಿಗೆಗಳು ದಡದಿಂದಲೇ ಕಾಣುತ್ತವೆ. ಮೇಲಿಂದ ನಡೆದುಹೋದರೆ ಇದ್ಯಾವುದೂ ಕಾಣದು. ಮಳೆಗಾಲದಲ್ಲಿ ಕೆ.ಆರ್.ಎಸ್. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಹೊಳೆ ಬೇಗ ಏರುತ್ತದೆ, ಕೆಳಗೆ ಇಳಿಯಬೇಡಿ.