ಇಂದಿರಾನಗರದಲ್ಲಿ ಮೊದಲು ಜಾಗ ಕಳೆದುಕೊಂಡದ್ದು ಇಸ್ತ್ರಿ ಗಾಡಿ

ಬಡಾವಣೆ ದುಬಾರಿಯಾದರೆ ಹಳಬರೆಲ್ಲ ಒಟ್ಟಿಗೆ ಹೊರಟುಹೋಗ್ತಾರಾ ಅಂತ ಕೇಳಿದ್ದೀರಿ. ನಾನು ಕಂಡದ್ದು ಬೆಂಗಳೂರಿನ ಇಂದಿರಾನಗರ. 1994ರಿಂದ 2016ರವರೆಗೆ 12ನೇ ಮೇನ್ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗೆ ಇದ್ದೆವು. ಒಟ್ಟಿಗೆ ಯಾರೂ ಹೋಗಲಿಲ್ಲ. ಹೋದದ್ದು ಒಂದೊಂದೇ ಮನೆ.

ನಮ್ಮ ಬೀದಿಯಲ್ಲಿ ರಿಟೈರ್ಡ್ ಮಿಲಿಟರಿಯವರು, ಎಚ್‌ಎಎಲ್‌ನವರು ಜಾಸ್ತಿ. ಕಾಂಪೌಂಡಿನಲ್ಲಿ ಮಾವು, ತೆಂಗು. ಪಕ್ಕದಲ್ಲೇ ದೂಪನಹಳ್ಳಿ, ಅಂದರೆ ಬಡಾವಣೆ ಹುಟ್ಟುವ ಮುಂಚಿನಿಂದ ಇದ್ದ ಹಳ್ಳಿ. ಹೂವಿನವರು, ಮನೆಗೆಲಸದವರು, ಇಸ್ತ್ರಿಯವರು ಬರುತ್ತಿದ್ದದ್ದು ಅಲ್ಲಿಂದ.

ಇಸ್ತ್ರಿ ಅಣ್ಣನ ಗಾಡಿ ನಮ್ಮ ಎದುರುಮನೆ ಕಾಂಪೌಂಡಿಗೆ ಒರಗಿಕೊಂಡು ಹೊಂಗೆ ಮರದ ಕೆಳಗೆ ನಿಂತಿರುತ್ತಿತ್ತು. ಬಾಡಿಗೆ ಇಲ್ಲ. ಅದರ ಬದಲು ಆ ಮನೆಯ ಬಟ್ಟೆಗೆ ದುಡ್ಡು ತಗೊಳ್ಳುತ್ತಿರಲಿಲ್ಲ. ಇದ್ದಿಲು ಕೆಂಪಾಗುವವರೆಗೆ ಬೀಸಣಿಗೆ ಬೀಸುತ್ತಾ, ಯಾರ ಮನೆಗೆ ಯಾರು ಬಂದರು ಅಂತ ನೋಡಿಕೊಂಡಿರುತ್ತಿದ್ದ. ಕೊರಿಯರ್ ಬಂದರೂ ಅವನ ಕೈಲೇ, ಮನೆ ಬೀಗದ ಕೈ ಬಿಟ್ಟುಹೋಗೋದೂ ಅವನ ಹತ್ತಿರವೇ.

ಆಮೇಲೆ 2007ರಲ್ಲಿ ಬಂದ ಬೆಂಗಳೂರಿನ ಮಾಸ್ಟರ್ ಪ್ಲಾನ್, ಅಂದರೆ ಎಲ್ಲಿ ಏನು ಕಟ್ಟಬಹುದು ಅನ್ನುವ ನಗರ ಯೋಜನೆ, ಅಗಲವಾದ ರಸ್ತೆಗಳ ಪಕ್ಕದ ಮನೆಗಳಲ್ಲಿ ವ್ಯಾಪಾರಕ್ಕೆ ದಾರಿ ಮಾಡಿತು. ಬಡಾವಣೆಯ ಅಂಗಡಿ ಬೀದಿಯಾದ ಸಿಎಂಎಚ್ ರಸ್ತೆ ಮೇಲೆ ಮೆಟ್ರೋ ಬೇಡ ಅಂತ ಅಂಗಡಿಯವರು ಹೋರಾಡಿದರು. ಕೊನೆಗೆ 2011ರ ಅಕ್ಟೋಬರ್‌ನಲ್ಲಿ ರೈಲು ಓಡೇಬಿಟ್ಟಿತು. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ.

ಎದುರುಮನೆಯವರ ಮಕ್ಕಳಿಬ್ಬರೂ ಅಮೆರಿಕದಲ್ಲಿ. ಅಷ್ಟು ದೊಡ್ಡ ಮನೆಯಲ್ಲಿ ವಯಸ್ಸಾದವರು ಇಬ್ಬರೇ. ಮನೆಯನ್ನು ಕೆಫೆಗೆ ಕೊಟ್ಟರು. ಅವರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ಆದರೆ ಕಾಂಪೌಂಡ್ ಒಡೆದು ಪಾರ್ಕಿಂಗ್ ಮಾಡಿದ ದಿನವೇ ಗಾಡಿಗೆ ಜಾಗ ಹೋಯಿತು. ಅಣ್ಣ ಮುಂದಿನ ಮರದ ಕೆಳಗೆ ಹೋದ. ಎರಡು ವರ್ಷಕ್ಕೆ ಅದರ ಹಿಂದಿನ ಮನೆಯೂ ಆಫೀಸಾಯಿತು. ಜಾಗ ಹೋದರೆ ಹೇಗೋ ಇನ್ನೊಂದು ಸಿಗುತ್ತೆ, ಬಟ್ಟೆ ಎಲ್ಲಿಂದ ತರೋದು? ಕೆಫೆಯಲ್ಲಿ ಸೀರೆ, ಯೂನಿಫಾರ್ಮ್ ಇರಲ್ಲವಲ್ಲ. ಹಾಲಿನವನು, ಸೊಪ್ಪಿನವಳು, ಹೂವಿನವಳು, ಎಲ್ಲರದ್ದೂ ಇದೇ ಕಥೆ. ಬೀದಿಯಲ್ಲಿ ಜನ ಮೊದಲಿಗಿಂತ ಜಾಸ್ತಿಯೇ ಆದರು. ಹಗಲು ಹೊತ್ತು ಮನೆಯಲ್ಲಿರುವವರು ಮಾತ್ರ ಕಮ್ಮಿಯಾದರು.

ಸ್ವಂತ ಮನೆಯವರಿಗೂ ಬಾಡಿಗೆಯವರಿಗೂ ಇದು ಒಂದೇ ಥರ ಅಲ್ಲ. ಅವರಿಗೆ ಕೈತುಂಬ ದುಡ್ಡು ಬಂತು, ನಮಗೆ ಅಡ್ವಾನ್ಸ್ ವಾಪಸ್ ಬಂತು. ಅದರಲ್ಲೂ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು. ಮನೆ ಒಡೆಯುವುದು ಅಂತ ಆಗಲೇ ನಿರ್ಧಾರ ಆಗಿತ್ತು! ನಾವು ಕಗ್ಗದಾಸಪುರದ ಕಡೆ ಹೋದೆವು. ಅಮ್ಮ ಮಾತ್ರ ಇವತ್ತಿಗೂ ತರಕಾರಿಯವನಿಗೆ "ಇಂದಿರಾನಗರದಲ್ಲಿ ಇದಕ್ಕಿಂತ ಚೆನ್ನಾಗಿರ್ತಿತ್ತು" ಅಂತಾಳೆ.

ಇಸ್ತ್ರಿ ಅಣ್ಣ ಈಗ ದೂಪನಹಳ್ಳಿಯ ಒಂದು ಗಲ್ಲಿಯಲ್ಲಿ ಇದ್ದಾನೆ. ಅಲ್ಲಿ ಮಹಡಿ ಮೇಲೆ ಮಹಡಿ ಎತ್ತಿ ಪಿಜಿ ಮಾಡಿದ್ದಾರೆ. ಹುಡುಗರು ತುಂಬಾ ಇದ್ದಾರಲ್ಲ, ವ್ಯಾಪಾರ ಹೇಗೆ ಅಂತ ಕೇಳಿದೆ. "ಎಲ್ಲಾ ಟೀಶರ್ಟ್ ಸಾರ್. ಇಂಟರ್‌ವ್ಯೂ ಇದ್ದರೆ ಒಂದು ಷರ್ಟ್ ತರ್ತಾರೆ" ಅಂದ.