ಮೆತ್ತೆಗೂ ಮೊದಲು ಮೊಳೆ: ‘ಕಂಫರ್ಟ್’ ಪದದ ಹುಟ್ಟು

ಮಾನ್ಯರೇ,

ಹೋದ ಸಂಚಿಕೆಯ ಅನುವಾದಿತ ಕತೆಯಲ್ಲಿ ‘ಕಂಫರ್ಟ್’ ಎಂಬ ಪದವನ್ನು ಒಂದೆಡೆ ‘ಸಾಂತ್ವನ’ ಎಂದೂ ಇನ್ನೊಂದೆಡೆ ‘ಹಾಯಾದ ಅನುಕೂಲ’ ಎಂದೂ ಕನ್ನಡಿಸಿರುವುದನ್ನು ಎತ್ತಿ ತೋರಿಸಿ, ಸಾವಿನ ಮನೆಯ ಮಾತಿಗೂ ಸೋಫಾದ ಮೆತ್ತೆಗೂ ಒಂದೇ ಪದ ಹೇಗಾಯಿತೆಂದು ಕೇಳಿದ್ದೀರಿ. ಮೂಲದಲ್ಲಿ ಅದು ಇವೆರಡರ ಪದವೂ ಅಲ್ಲ.

ಲ್ಯಾಟಿನ್ನಿನಲ್ಲಿ ‘ಫೋರ್ಟಿಸ್’ ಎಂದರೆ ಬಲವುಳ್ಳದ್ದು; ನಾವು ಕೋಟೆಗೆ ಹೇಳುವ ‘ಫೋರ್ಟ್’ ಕೂಡ ಅದೇ ಬೇರಿನದು. ಅದರ ಮೊದಲಿಗೆ ಒತ್ತು ಕೊಡುವ ಉಪಸರ್ಗ ಸೇರಿ ‘ಕನ್‌ಫೋರ್ಟಾರೆ’, ಅಂದರೆ ಚೆನ್ನಾಗಿ ಬಲಪಡಿಸು, ಎಂಬ ಕ್ರಿಯಾಪದವಾಯಿತು; ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಬೈಬಲಿನ ಯೆಶಾಯನ ಗ್ರಂಥದಲ್ಲಿ (41:7) ವಿಗ್ರಹ ಅಲುಗದಂತೆ ಮೊಳೆ ಹೊಡೆದು ಭದ್ರಪಡಿಸುವ ಮಾತಿದೆ. ಲ್ಯಾಟಿನ್ ಬೈಬಲು ಅಲ್ಲಿ ಬಳಸುವುದು ಇದೇ ಕ್ರಿಯಾಪದವನ್ನು. 14ನೆಯ ಶತಮಾನದ ವಿಕ್ಲಿಫ್ ಇಂಗ್ಲಿಷ್ ಅನುವಾದವೂ ಅದನ್ನೇ ಅನುಸರಿಸಿ, ವಿಗ್ರಹವನ್ನು ಮೊಳೆಗಳಿಂದ ‘ಕಂಫರ್ಟ್’ ಮಾಡಿದರೆಂದು ಬರೆಯಿತು. ಇಂದಿನ ಕಿವಿಗೆ ನಗು ತರಿಸುವ ಈ ಪ್ರಯೋಗ ಆಗ ಸಹಜವಾಗಿತ್ತು. 1351ರ ಇಂಗ್ಲೆಂಡಿನ ರಾಜದ್ರೋಹ ಕಾಯಿದೆಯೂ, ಅದರ ಮಾತನ್ನೇ ಎತ್ತಿಕೊಂಡ ಅಮೆರಿಕದ ಸಂವಿಧಾನವೂ ಶತ್ರುವಿಗೆ ‘ಕಂಫರ್ಟ್’ ಕೊಡುವುದನ್ನು ದ್ರೋಹವೆಂದದ್ದು ಶತ್ರುವಿನ ಕೈ ಬಲಪಡಿಸುವುದೆಂಬ ಅರ್ಥದಲ್ಲಿ, ದಿಂಬು ಕೊಟ್ಟದ್ದಕ್ಕಲ್ಲ.

ಕುಗ್ಗಿದ ಮನಸ್ಸಿಗೆ ಬಲ ತುಂಬುವುದೇ ಸಾಂತ್ವನವಾದ್ದರಿಂದ ಆ ಅರ್ಥ ಬೇಗನೆ ಕೂಡಿಕೊಂಡಿತು. ಮೈಗೆ ಹಿತವೆಂಬ ಅರ್ಥ ಬಲಗೊಂಡದ್ದು ಬಹಳ ತಡವಾಗಿ. 1843ರಲ್ಲಿ ಡಿಕನ್ಸ್ ಬರೆದ ಕ್ರಿಸ್ಮಸ್ ಕತೆಯ ಬಡ ಗುಮಾಸ್ತ ಮೇಲಂಗಿಯಿಲ್ಲದೆ, ಕುಚ್ಚನ್ನು ಲೆಕ್ಕಿಸದೆಯೇ ಕನಿಷ್ಠ ಮೂರಡಿ ಉದ್ದದ ‘ಕಂಫರ್ಟರ್’ ಇಳಿಬಿಟ್ಟುಕೊಂಡು ಮನೆಗೆ ಬರುತ್ತಾನೆ. ಅದು ಬರಿಯ ಉಣ್ಣೆಯ ಕುತ್ತಿಗೆವಸ್ತ್ರ. ಅದೇ ಪದ ಅಮೆರಿಕದಲ್ಲಿ ದಪ್ಪ ಹೊದಿಕೆ.

ಇನ್ನು ನಮ್ಮ ಅನುವಾದದ ಮಾತು. ‘ಸಾಂತ್ವನ’ ತಪ್ಪಲ್ಲ. ಆದರೆ ಆ ಸಂದರ್ಭದಲ್ಲಿ ನೆರೆಯವರು ಗಂಡನನ್ನು ಕಳೆದುಕೊಂಡವಳ ಪಕ್ಕದಲ್ಲಿ ಬಂದು ಕೂರುತ್ತಾರೆ. ಅಂಥ ಮನೆಗೆ ಹೋಗಿಬಂದ ನಮ್ಮವರು ‘ಧೈರ್ಯ ಹೇಳಿ ಬಂದೆವು’ ಎನ್ನುವುದೇ ರೂಢಿ, ಮತ್ತು ಆ ಮಾತು ಲ್ಯಾಟಿನ್ನಿನ ಮೂಲಾರ್ಥಕ್ಕೂ ‘ಸಾಂತ್ವನ’ಕ್ಕಿಂತ ಹತ್ತಿರವಾಗಿದೆ. ಎರಡನೆಯದನ್ನು ಮಾತ್ರ ನಾನು ಸಮರ್ಥಿಸಲಾರೆ: ‘ಆರಾಮ’ ಎಂಬ ಪದ ಎಲ್ಲರ ಬಾಯಲ್ಲಿರುವಾಗ ‘ಹಾಯಾದ ಅನುಕೂಲ’ವನ್ನು ಕರಡು ತಿದ್ದುವಾಗಲೇ ಹೊಡೆದುಹಾಕಬೇಕಿತ್ತು.

— ಸಂಪಾದಕ